ಬೀರವ್ವನ ಕರಿ ನಾಲ್ಕು

ಮೌನೇಶ ಬಡಿಗೇರನ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ನಾಲ್ಕು ಬೈದು ಎದ್ದುಬಿಡುತ್ತಿದ್ದೆ. ಬೆಟಗೇರಿಯಲ್ಲಿ ಅವನಷ್ಟು ಚೆನ್ನಾಗಿ ಹಾಡು ರೆಕಾರ್ಡ್ ಮಾಡುವವನು ಇನ್ನೊಬ್ಬನಿಲ್ಲ. ಅದು ಅವನಿಗೂ ಗೊತ್ತು. ತೊಂದರೆ ಶುರುವಾಗುವುದೇ ಅಲ್ಲಿಂದ.

ನಾನು ಹೊನ್ನೇಶ, ಗದಗಿನ ಒಂದು ಶಾಲೆಯಲ್ಲಿ ಸಂಗೀತದ ಮಾಸ್ತರ. ರಜೆ ಸಿಕ್ಕಾಗ ಮೌನೇಶನ ರೆಕಾರ್ಡಿಂಗ್ ಖೋಲಿಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಹನ್ನೆರಡು ವರ್ಷದ ಒಡನಾಟ. ಈ ಕಥೆಯ ಪಾಪದಲ್ಲಿ ನನಗೂ ಪಾಲಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾಸ್ತರ ಮೆಲ್ಲಗೆ ಜಾರಿಕೊಂಡ ಅನ್ನುವ ಮಾತು ಬೇಡ.

ಮೌನೇಶನ ತಂದೆ ಕಳಕಪ್ಪನವರು ಹಾರ್ಮೋನಿಯಂ ಮಾಡುತ್ತಿದ್ದರು. ಸಾಗವಾನಿ ಕೊರೆದು, ಹಿತ್ತಾಳೆಯ ರೀಡುಗಳನ್ನು ಅರದಿಂದ ಕೂದಲೆಳೆಯಷ್ಟು ತಿಕ್ಕಿ ತಿಕ್ಕಿ ಸುರಕ್ಕೆ ತರುತ್ತಿದ್ದರು. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಭಜನೆ ಮೇಳಗಳಲ್ಲಿ ಅವರ ಪೆಟ್ಟಿಗೆ ಈಗಲೂ ಇವೆ. ಮಗ ಬೆಳೆಯುವ ಹೊತ್ತಿಗೆ ಹಾರ್ಮೋನಿಯಂ ಕೇಳುವವರು ಕಡಿಮೆಯಾದರು, ರೆಕಾರ್ಡಿಂಗ್ ಕೇಳುವವರು ಹೆಚ್ಚಾದರು. ಮೌನೇಶ ಅಪ್ಪನ ಅರ ಕೆಳಗಿಟ್ಟು ಬೆಸುಗೆ ಕಡ್ಡಿ ಹಿಡಿದ. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಕ್ಯಾಸೆಟ್ ಕಂಪನಿಯೊಂದರಿಂದ ಎಂಟು ಚಾನೆಲ್ಲಿನ ರೆಕಾರ್ಡರ್ ತಂದ. ಒಡೆದುಹೋದ ಆರ್ಕೆಸ್ಟ್ರಾದವರ ಮಿಕ್ಸರ್ ತಂದ. ಅವಕ್ಕೊಂದು ಕಂಪ್ಯೂಟರ್, ಕಂಪ್ಯೂಟರಿಗೊಂದು ಸಾಫ್ಟ್‌ವೇರ್. ಒಂದರ ಬಾಯಿ ಇನ್ನೊಂದರ ಕಿವಿಗೆ ಹೊಂದುತ್ತಿರಲಿಲ್ಲ. ವಾಯರು ತಾನೇ ಕತ್ತರಿಸಿ, ಪಿನ್ನು ತಾನೇ ಬೆಸೆದು, ಬೇರೆ ಬೇರೆ ತಾಯಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸಿದ ಹಾಗೆ ಎಲ್ಲವನ್ನೂ ಕೂಡಿಸಿದ. ಇದಕ್ಕೆ ನಾನು ಅವನನ್ನು ಇವತ್ತಿಗೂ ಹೊಗಳುತ್ತೇನೆ.

ಖೋಲಿ ಇರುವುದು ನೇಕಾರರ ಓಣಿಯಲ್ಲಿ, ದೇವೇಂದ್ರಪ್ಪನವರ ವಿದ್ಯುತ್ ಮಗ್ಗದ ಶೆಡ್ಡಿನ ಮೇಲೆ. ಕೆಳಗೆ ಹನ್ನೆರಡು ಮಗ್ಗ ಖಟಖಟ ಅನ್ನುವಾಗ ಮೇಲೆ ಯಾರ ದನಿ ಹಿಡಿಯುತ್ತೀರಿ? ಗೋಡೆಗೆ ಕೌದಿ ಹೊಡೆದ, ಕಿಟಕಿಗೆ ಹಾಸಿಗೆ ಕಟ್ಟಿದ, ಏನೂ ಆಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅಮಾವಾಸ್ಯೆ. ಅವತ್ತು ನೇಕಾರರು ಮಗ್ಗ ಪೂಜೆ ಮಾಡಿ ಸುಮ್ಮನಿರುತ್ತಾರೆ, ಲಾಳಿ ಮುಟ್ಟುವುದಿಲ್ಲ. ಹೀಗಾಗಿ ಮೌನೇಶ ಹಾಡುವವರನ್ನು ಕರೆಯುವುದು ತಿಂಗಳಿಗೆ ಒಂದೇ ದಿನ. ಉಳಿದ ದಿನವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತು ತಿದ್ದುವ ಕೆಲಸ. ಸುತ್ತಲಿನ ಊರವರು ಅದನ್ನು ಅಮಾವಾಸ್ಯಿ ಸ್ಟುಡಿಯೊ ಅಂತಲೇ ಕರೆಯುತ್ತಾರೆ.

ಅವನ ಮೂರು ಚಾಳಿ ಹೇಳಬೇಕು, ಯಾಕೆಂದರೆ ಮೂರೂ ಮುಂದೆ ಬರುತ್ತವೆ. ಒಂದು, ಯಾವ ರೆಕಾರ್ಡಿಂಗೇ ಇರಲಿ, ಗುಂಡಿ ಒತ್ತಿದ ಕೂಡಲೇ ಅಪ್ಪನ ಹಾರ್ಮೋನಿಯಂನಲ್ಲಿ ಕರಿ ನಾಲ್ಕು, ಅಂದರೆ ನಾಲ್ಕನೆಯ ಕಪ್ಪು ಮನೆ, ಒಮ್ಮೆ ಒತ್ತುತ್ತಾನೆ. ಕಳಕಪ್ಪನವರು ಸಾಯುವ ಮುಂಚೆ ಕೊನೆಯದಾಗಿ ಸುರಕ್ಕೆ ಕೂಡಿಸಿದ್ದು ಅದೇ ರೀಡು. ಅದು ಮೌನೇಶನ ಗಣಪತಿ ಪೂಜೆ. ಹಾಡು ಸಿದ್ಧವಾದ ಮೇಲೆ ಆ ಭಾಗ ಕತ್ತರಿಸುತ್ತಾನೆ. ಎರಡು, ಹಾಡುವವರು ಎಷ್ಟೇ ಚೆನ್ನಾಗಿ ಹಾಡಲಿ, ಗಾಜಿನ ಆಚೆಯಿಂದ "ಇನ್ನೊಮ್ಮಿ" ಅನ್ನುತ್ತಾನೆ. ನಾಲ್ಕು ಸಲ, ಐದು ಸಲ ಅನ್ನುತ್ತಾನೆ. ಗಂಟಲು ಹರಿದು ಹೋಗುತ್ತಿದ್ದರೂ ಅವನ ಬಾಯಲ್ಲಿ ಶಾಭಾಸ್ ಅನ್ನುವ ಮಾತಿಲ್ಲ. ಮೂರು, ಯಾರಾದರೂ ಎದುರು ಮಾತಾಡಿದರೆ ಒಂದೇ ಉತ್ತರ: "ಯಂತ್ರ ಸುಳ್ಳ ಹೇಳಂಗಿಲ್ಲ."

ಬೀರವ್ವ ಮಾಗಡಿಯವಳು. ಅರವತ್ತರ ಹತ್ತಿರದ ಹೆಂಗಸು, ಬೀರದೇವರ ಗುಡಿಯ ಹಿಂದೆ ಮನೆ. ಶಿರಹಟ್ಟಿ ಕಡೆಯ ಮದುವೆಗಳಲ್ಲಿ ಸುರಗಿ ಸುತ್ತುವಾಗ, ಅಂದರೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿ ನಡುವೆ ಮದುಮಕ್ಕಳಿಗೆ ನೀರೆರೆಯುವಾಗ, ಬೀರವ್ವನ ಸೋಬಾನೆ ಇಲ್ಲದೆ ತಂಬಿಗೆ ಎತ್ತುತ್ತಿರಲಿಲ್ಲ. ಮೈಕಿಲ್ಲ, ಪೆಟ್ಟಿಗೆಯಿಲ್ಲ. ಅಂಗಳದಲ್ಲಿ ಹಾಡಿದರೆ ಕೆರೆಯ ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತು ಕೇಳುತ್ತಿದ್ದರು. ಅವಳ ಸುರ ಕರಿ ನಾಲ್ಕು. ಯಾರೂ ಹೇಳಿಕೊಟ್ಟಿದ್ದಲ್ಲ, ಗಂಟಲು ತಾನೇ ಹೋಗಿ ಅಲ್ಲಿ ಕೂಡುತ್ತಿತ್ತು.

ಹೋದ ವರ್ಷ ನಾಗರ ಅಮಾವಾಸ್ಯೆಗೆ ಮೌನೇಶ ಅವಳನ್ನು ಬೆಟಗೇರಿಗೆ ಕರೆಸಿದ. ಅವತ್ತು ಎರಡು ಸಂಗತಿ ಕೂಡಿಬಂದವು. ನಾನು ಮುಂಡರಗಿಗೆ, ಹೆಂಡತಿಯ ತವರಿಗೆ ಹೋಗಿದ್ದೆ. ಕಂಪ್ಯೂಟರ್ ಕೆಟ್ಟು ಗದಗಿನ ಅಂಗಡಿಯಲ್ಲಿತ್ತು. ಅಮಾವಾಸ್ಯೆ ಬಿಟ್ಟರೆ ಮತ್ತೆ ಒಂದು ತಿಂಗಳು ಕಾಯಬೇಕಲ್ಲ? ಮೌನೇಶ ಧೂಳು ಹಿಡಿದಿದ್ದ ಹಳೆಯ ರೆಕಾರ್ಡರ್ ಒರೆಸಿ ಅದರಲ್ಲೇ ಹಾಡು ತುಂಬಿದ. ಐದು ಸಲ ಇನ್ನೊಮ್ಮಿ ಅಂದನಂತೆ, ಐದು ಸಲವೂ ಮುದುಕಿ ಹಾಡಿದಳಂತೆ. ಎಂಟು ದಿನದ ಮೇಲೆ ಕಂಪ್ಯೂಟರ್ ಬಂತು. ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಜೋಡಿಸಿ ಹಾಡನ್ನು ಅದಕ್ಕೆ ಇಳಿಸಿಕೊಂಡ. ಮೊದಲಿನ ಹಾರ್ಮೋನಿಯಂ ತುಣುಕು ಕತ್ತರಿಸಿ, ಬರೀ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ನನಗೆ ಕೊಟ್ಟ.

ಮನೆಯಲ್ಲಿ ಕೂತು ಕೇಳಿದೆ. ಹಾಡು ಕರಿ ನಾಲ್ಕಕ್ಕಿಂತ ಕೆಳಗೆ, ಕರಿ ಮೂರಕ್ಕೂ ಬಿಳಿ ಐದಕ್ಕೂ ನಡುವೆ ಎಲ್ಲೋ ನಿಂತಿತ್ತು, ಲಯವೂ ಸ್ವಲ್ಪ ಕಾಲೆಳೆಯುತ್ತಿತ್ತು. ಇಲ್ಲಿ ನನ್ನ ತಪ್ಪು ಬರುತ್ತದೆ. ನಮ್ಮ ಕಡೆ ಕೀಬೋರ್ಡಿನವನ ಮೊದಲ ಪಾಠವೇ ಇದು: ಹಾಡುವವರು ಹಿಡಿದದ್ದೇ ಸುರ, ನಿನ್ನ ಪೆಟ್ಟಿಗೆಯನ್ನು ನೀನು ಹೊಂದಿಸಿಕೊ. ಒಬ್ಬೊಬ್ಬ ಭಜನೆಯವರದು ಒಂದೊಂದು ಸುರ. ನಾವು ಕೇಳುವುದಿಲ್ಲ, ಕೀಬೋರ್ಡಿನ ಗುಂಡಿ ತಿರುಗಿಸಿ ಹೊಂದಿಸುತ್ತೇವೆ. ನಾನೂ ತಿರುಗಿಸಿದೆ. ಇಪ್ಪತ್ತು ಮದುವೆಗಳಲ್ಲಿ ಬೀರವ್ವನ ಕರಿ ನಾಲ್ಕು ಕೇಳಿದ ಕಿವಿ ನನ್ನದು, ಆದರೂ ತಿರುಗಿಸಿದೆ. ಹಾಡು ಕೊಡಲು ಹೋದಾಗ ಒಂದು ಮಾತು ಕೇಳಿದೆ, ಅಷ್ಟೇ.

"ಮೌನೇಶಣ್ಣ, ಬೀರವ್ವನ ದನಿ ಭಾಳ ಇಳದೈತಲ್ಲ?"

"ವಯಸ್ಸಾತಲೇ ಹೊನ್ಯಾ. ಮಂದಿಗಿ ವಯಸ್ಸಾಗಂಗಿಲ್ಲೇನು?"

ಅದಕ್ಕೆ ನಾನು ಹೂಂ ಅಂದೆ. ಆ ಹೂಂ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ದಸರೆಯ ಹೊತ್ತಿಗೆ ಬೀರವ್ವ ಮೊಮ್ಮಗಳು ಶೀತಲ್‌ಳನ್ನು ಕರೆದುಕೊಂಡು ಹಾಡು ಕೇಳಲು ಬಂದಳು. ನಾನೂ ಅಲ್ಲೇ ಇದ್ದೆ. ಮೌನೇಶ ದೊಡ್ಡ ಸ್ಪೀಕರಿನಲ್ಲಿ ಹಚ್ಚಿದ. ನನ್ನ ಕೀಬೋರ್ಡು, ಹಿಂದೆ ಕೊಳಲು, ತಬಲಾ, ಎಲ್ಲ ಇತ್ತು. ಮುದುಕಿ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಹಾಡು ಮುಗಿಯಿತು. ಶೀತಲ್ ಚಪ್ಪಾಳೆ ತಟ್ಟಿದಳು. ಮುದುಕಿ ಮಾತ್ರ ತಲೆ ಅಲ್ಲಾಡಿಸಿದಳು.

"ತಮ್ಮಾ, ಇದು ನನ್ನ ದನಿ ಅಲ್ಲ."

"ನಿಂದ ಐತಿಬೇ ಯವ್ವಾ. ನಾನ ಹಿಡದೀನಲ್ಲ?"

"ಅಲ್ಲೋ. ನನ್ನ ದನಿ ಇಷ್ಟ ಭಾರ ಇಲ್ಲ. ಗಂಡಸರ ದನಿ ಆದಂಗ ಆಗೈತಿ. ಏನೋ ಹೆಚ್ಚುಕಮ್ಮಿ ಆಗೈತಿ ನೋಡು."

ಅವಳಿಗೆ ಗೊತ್ತಾಗಿತ್ತು! ಓದು ಬರಹ ಬಾರದ, ಹೆಡ್‌ಫೋನ್ ಕಾಣದ ಹೆಂಗಸು, ಒಂದೇ ಸಲ ಕೇಳಿ ಸರಿಯಾಗಿ ಹೇಳಿದಳು. ಮೌನೇಶ ಒಂದು ನಿಮಿಷ ಎದ್ದು ರೆಕಾರ್ಡರಿನ ಮುಖ ನೋಡಿದ್ದರೆ ಸಾಕಿತ್ತು. ನಕ್ಕ.

"ಯವ್ವಾ, ಯಾರಿಗೂ ತಮ್ಮ ದನಿ ತಮಗ ತಿಳಿಯಂಗಿಲ್ಲ. ಒಳಗಿಂದ ಬ್ಯಾರೆ ಕೇಳಸ್ತೈತಿ, ಹೊರಗ ಬ್ಯಾರೆ. ವಯಸ್ಸಿಗಿ ದನಿ ಇಳೀತೈತಿ. ಮಂದಿ ನಿನ್ನ ಮುಂದ ಹೇಳಿರಾಕಿಲ್ಲ ಅಷ್ಟ. ಯಂತ್ರ ಸುಳ್ಳ ಹೇಳಂಗಿಲ್ಲ."

ಬೀರವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಮಂದಿ ನಿನ್ನ ಮುಂದೆ ಹೇಳಿರಲಿಕ್ಕಿಲ್ಲ ಅನ್ನುವ ಮಾತು ಅವಳೊಳಗೆ ಎಲ್ಲಿಗೆ ಹೋಗಿ ನಾಟಿತು ಎಂದು ನನಗೆ ಆಗ ತಿಳಿಯಲಿಲ್ಲ. ಇಷ್ಟು ವರ್ಷ ಮರ್ಯಾದೆಗೆ ಕರೆಯುತ್ತಿದ್ದರು, ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಿದ್ದರು ಎಂದು ಮುದುಕಿ ಅಂದುಕೊಂಡಳು. ಬಸ್ಸಿಗೆ ಹೋಗುವಾಗ ಶೀತಲ್‌ಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹಾಡು ಹೊರಗೆ ಬಂತು. ದೈವದ ಚೇಷ್ಟೆ ನೋಡಿ, ಮಂದಿಗೆ ಅದು ಹಿಡಿಸಿತು. ಭಾರವಾದ ದನಿ, ಏನು ಗತ್ತು ಎಂದರು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ಕೇಳಿದೆ. ಮೌನೇಶ ಮೀಸೆ ತಿರುವಿದ. ಮಾಗಡಿಯಲ್ಲಿ ಮಾತ್ರ ಬೀರವ್ವ ಬಾಯಿಗೆ ಬೀಗ ಹಾಕಿದ್ದಳು. ದೀಪಾವಳಿಯ ನಂತರದ ಮದುವೆಗಳಿಗೆ ಹೋಗಲಿಲ್ಲ. ಮನೆಗೆ ಬಂದು ಕರೆದವರಿಗೆ, ಗಂಟಲು ಹೋಗೈತಿ, ಮೊಬೈಲದಾಗ ಕೇಳಿಲ್ಲೇನು ಅನ್ನುತ್ತಿದ್ದಳಂತೆ. ಹೊಲದಲ್ಲಿ ಕಡಲೆ ಕೀಳುವಾಗ ಸಹ ಗುನುಗುವುದು ಬಿಟ್ಟಳು.

ಫೆಬ್ರವರಿಯಲ್ಲಿ ಶೀತಲ್‌ಳ ಮದುವೆ. ತಾಯಿ ಇಲ್ಲದ ಹುಡುಗಿ ಅದು, ಅಜ್ಜಿಯೇ ಸಾಕಿದ್ದಳು. ಆರ್ಕೆಸ್ಟ್ರಾದ ಜೊತೆ ಕೀಬೋರ್ಡ್ ಹಿಡಿದು ನಾನೂ ಹೋಗಿದ್ದೆ. ಅಂಗಳದಲ್ಲಿ ತಂಬಿಗೆ ಇಟ್ಟರು, ನೂಲು ಸುತ್ತಿದರು, ಹೆಂಗಸರೆಲ್ಲ ತಿರುಗಿ ಬೀರವ್ವನ ಕಡೆ ನೋಡಿದರು. ಅವಳು ಗೋಡೆಗೆ ಒರಗಿ ಕೂತಿದ್ದಳು.

"ಹಾಡಬೇ ಆಯಿ, ನನ್ನ ಸಲುವಾಗಿ," ಅಂದಳು ಮೈತುಂಬ ಅರಿಶಿಣ ಹಚ್ಚಿಕೊಂಡಿದ್ದ ಶೀತಲ್.

"ಬ್ಯಾಡ ನನ್ನವ್ವ. ಒಡಕು ದನಿಲೆ ನಿನ್ನ ಸುರಗಿ ಯಾಕ ಕೆಡಸ್ಲಿ?"

ಆಮೇಲೆ ಸೌಂಡ್ ಸಿಸ್ಟಮ್‌ನವನು ತನಗೆ ತಿಳಿದ ಉಪಕಾರ ಮಾಡಿದ. ನಮ್ಮ ಹಾಡು ಹಚ್ಚಿದ. ನಾಕು ಮೂಲಿಗಿ ನೂಲ ಸುತ್ಯಾರ, ನಡುವ ಕುಂತಾಳ ನಮ ಮಗಳ ಎಂದು ಡಬ್ಬಿಯೊಳಗಿಂದ ದಪ್ಪ ದನಿ ಹಾಡುತ್ತಿತ್ತು, ಆ ದನಿಯವಳು ಹತ್ತು ಮೊಳ ದೂರದಲ್ಲಿ ಬಾಯಿ ಮುಚ್ಚಿ ಕೂತಿದ್ದಳು, ಮೊಮ್ಮಗಳು ನೀರೆರೆಸಿಕೊಳ್ಳುತ್ತ ಅಳುತ್ತಿದ್ದಳು. ನಾನು ತಲೆ ತಗ್ಗಿಸಿ ನನ್ನ ಕೀಬೋರ್ಡಿನ ಬಿಳಿ ಮನೆ ಎಣಿಸುತ್ತಿದ್ದೆ. ನನಗೆ ಆಗಲೂ ಬುದ್ಧಿ ಬರಲಿಲ್ಲ.

ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಗೆ. ಮಗ್ಗ ನಿಂತಿದ್ದವು, ಓಣಿಯಲ್ಲಿ ಮಕ್ಕಳು ಮಣ್ಣಿನ ಎತ್ತು ಹಿಡಿದು ತಿರುಗುತ್ತಿದ್ದರು. ನಾನು ಖೋಲಿಯಲ್ಲಿ ಕಳಕಪ್ಪನವರ ಹಾರ್ಮೋನಿಯಂ ಒರೆಸುತ್ತ ಕೂತಿದ್ದೆ. ಬೀರವ್ವನ ಹಾಡನ್ನು ಹೊಸ ತಬಲಾ ಹಾಕಿ ಮತ್ತೊಮ್ಮೆ ಬಿಡಬೇಕೆಂದು ಮೌನೇಶ ಮೊದಲಿನ, ಕತ್ತರಿಸದ ಫೈಲು ತೆಗೆದ. ಶುರುವಿನಲ್ಲೇ ಅವನಪ್ಪನ ಪೆಟ್ಟಿಗೆಯ ಒಂದು ಸುರ ಕೇಳಿಸಿತು. ನಾನು ಸುಮ್ಮನೆ, ಅಭ್ಯಾಸಬಲದಿಂದ, ನನ್ನ ಕೈಯಲ್ಲಿದ್ದ ಅದೇ ಪೆಟ್ಟಿಗೆಯ ಕರಿ ನಾಲ್ಕು ಒತ್ತಿದೆ.

ಎರಡೂ ಹೊಂದಲಿಲ್ಲ. ಒಂದೂವರೆ ಮನೆಯ ಅಂತರ.

"ಮೌನೇಶಣ್ಣ, ಇನ್ನೊಮ್ಮಿ ಹಚ್ಚು."

ಹಚ್ಚಿದ. ಒತ್ತಿದೆ. ಮತ್ತೆ ಅದೇ. ಬೀರವ್ವನ ಗಂಟಲಿಗೆ ವಯಸ್ಸಾಗಬಹುದು, ಹಿತ್ತಾಳೆ ರೀಡಿಗೆ ಆಗುತ್ತದೆಯೇ? ಪೆಟ್ಟಿಗೆ ಇಲ್ಲೇ ಇದೆ, ಸುರ ಇಲ್ಲೇ ಇದೆ. ಇಳಿದದ್ದು ಪೆಟ್ಟಿಗೆಯಲ್ಲ, ಅಂದ ಮೇಲೆ ಮುದುಕಿಯೂ ಅಲ್ಲ. ಹಳೆಯ ರೆಕಾರ್ಡರ್ ತೆಗೆದು ನೋಡಿದೆವು. ಅದರಲ್ಲಿ ಹಾಡು ಆರು ನಿಮಿಷ. ಕಂಪ್ಯೂಟರಿನಲ್ಲಿ ಆರೂವರೆ.

ಆಮೇಲೆ ತಿಳಿದದ್ದು ಇಷ್ಟು. ರೆಕಾರ್ಡರ್ ದನಿಯನ್ನು ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು ಮಾಡಿ ಇಡುತ್ತದೆ. ಸಾಫ್ಟ್‌ವೇರಿಗೆ ಮೌನೇಶ ಹೇಳಿಟ್ಟಿದ್ದು ನಲವತ್ತನಾಲ್ಕು ಸಾವಿರದ ನೂರು. ಚೂರುಗಳೆಲ್ಲ ಕೇಬಲಿನಲ್ಲಿ ಒಂದೂ ತಪ್ಪದೆ ಬಂದವು, ಆದರೆ ಕಂಪ್ಯೂಟರ್ ಅವನ್ನು ತನ್ನ ನಿಧಾನದ ಲೆಕ್ಕದಲ್ಲಿ ಬಡಿಸಿತು. ನಲವತ್ತೆಂಟು ರೊಟ್ಟಿಯನ್ನು ದಿನಕ್ಕೆ ನಲವತ್ತನಾಲ್ಕರ ಹಾಗೆ ಉಂಡರೆ ಊಟ ಮರುದಿನಕ್ಕೂ ಎಳೆಯುವುದಿಲ್ಲವೇ? ಹಾಗೆ ಹಾಡು ಉದ್ದವಾಯಿತು, ದನಿ ಕೆಳಗಿಳಿಯಿತು. ಉಳಿದವರ ಹಾಡುಗಳು ನೇರವಾಗಿ ಕಂಪ್ಯೂಟರಿಗೇ ತುಂಬಿದ್ದರಿಂದ ಪಾರಾಗಿದ್ದವು. ಸಿಕ್ಕಿಬಿದ್ದವಳು ಬೀರವ್ವ ಒಬ್ಬಳೇ.

ಮೌನೇಶ ಮೊದಲು ಕೇಬಲ್ ಬೈದ. ಆಮೇಲೆ ಹುಬ್ಬಳ್ಳಿಯ ಕಂಪನಿಯನ್ನು ಬೈದ. ಆಮೇಲೆ ನನ್ನ ಕಡೆ ತಿರುಗಿದ.

"ಕೀಬೋರ್ಡ ಹಿಡದಾಂವ ನೀ. ಸುರ ತಪ್ಪಿದ್ದು ನಿನಗ ತಿಳೀಬೇಕಿತ್ತಲ್ಲಲೇ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದು ಹಾಡಲು ಬಂದವರಿಗೆ ಇವನೇ ಪ್ರತಿ ಅಮಾವಾಸ್ಯೆಗೆ ಹತ್ತು ಸಲ ಹೇಳುವ ಗಾದೆ. "ನನಗ ತಿಳೀಬೇಕಿತ್ತು, ಖರೆ," ಅಂದೆ. "ಆದ್ರ ಆಕಿ ಬಂದು ನಿನ್ನ ಮುಂದ ಕುಂತು ಹೇಳಿದ್ಲಲ್ಲ, ಇದು ನನ್ನ ದನಿ ಅಲ್ಲ ಅಂತ. ಆಕಿಗೇನಂದಿ ನೀ?"

ಅವನು ಕಂಪ್ಯೂಟರಿನ ಕಡೆ ತಿರುಗಿದ. ಸಾಫ್ಟ್‌ವೇರಿನಲ್ಲಿ ಒಂದು ಕಡೆ ಒಂದು ಅಂಕಿ ಬದಲಿಸಿದ, ಅಷ್ಟೇ. ಸ್ಪೀಕರಿನೊಳಗಿಂದ ಬೀರವ್ವ ಎದ್ದು ಬಂದಳು. ಅದೇ ಕರಿ ನಾಲ್ಕು, ಅದೇ ಚೂಪು, ಅದೇ ಚುರುಕು. ಇಬ್ಬರೂ ಆರು ನಿಮಿಷ ಕೂತು ಕೇಳಿದೆವು. ಹನ್ನೊಂದು ಅಮಾವಾಸ್ಯೆ ಅವಳು ಆ ಡಬ್ಬಿಯೊಳಗೆ ಹೀಗೇ ಕೂತಿದ್ದಳು. ಕೊನೆಯಲ್ಲಿ ಮೌನೇಶ ಅಂದ: "ಇದನ್ನ ಹಾಕಿ ಹಳೇದನ್ನ ತಗದಬಿಡೂಣು. ಯಾರಿಗೂ ತಿಳಿಯಂಗಿಲ್ಲ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು! ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು ಬಂತು. ಹೆಡ್‌ಫೋನ್ ಎತ್ತಿ ಗೋಡೆಗೆ ಒಗೆದೆ. ಕೌದಿಗೆ ಬಡಿದು ಸದ್ದೇ ಇಲ್ಲದೆ ಬಿತ್ತು, ಅದಕ್ಕೂ ಸಿಟ್ಟು ಬಂತು. "ಆಕಿಗಿ ತಿಳೀಬೇಕಲ್ಲೋ!" ಎಂದು ಕೂಗಿದೆ. "ಮೊಮ್ಮಗಳ ಸುರಗಿಗಿ ಬಾಯಿ ಮುಚಗೊಂಡು ಕುಂತಿದ್ದ ಮುದುಕಿ ಆಕಿ. ನಾ ಕಣ್ಣಾರೆ ನೋಡೀನಿ. ಇವತ್ತ ಮಾಗಡಿಗಿ ನೀ ಬರದಿದ್ರ ನಾಳಿಂದ ನಾ ಈ ಮೆಟ್ಟಲ ಹತ್ತಂಗಿಲ್ಲ." ಮೌನೇಶ ರೆಕಾರ್ಡರ್ ಆರಿಸಿದ. ಆಮೇಲೆ ಎದ್ದು ಅಂಗಿ ಹಾಕಿಕೊಂಡ. ನಾನು ಹಾರ್ಮೋನಿಯಂ ಚೀಲಕ್ಕೆ ಹಾಕಿದೆ.

ಸಂಜೆ ನಾಲ್ಕಕ್ಕೆ ಮಾಗಡಿ ಮುಟ್ಟಿದೆವು. ಬೀರವ್ವ ಅಂಗಳದಲ್ಲಿ ಶೇಂಗಾ ಬೀಜ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕಾರಹುಣ್ಣಿಮೆಗೆ ತವರಿಗೆ ಬಂದು ಉಳಿದಿದ್ದ ಶೀತಲ್, ನೆರೆಮನೆಯ ಹೆಂಗಸರು. ಮೌನೇಶ ನಿಂತೇ ಇದ್ದ. ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ, ಯವ್ವಾ ಒಂದೀಟು ತಪ್ಪಾಗಿತ್ತು, ಈಗ ಸರಿ ಮಾಡೀನಿ, ಕೇಳು ಎಂದು ಹಾಡು ಹಚ್ಚಿದ. ಎರಡು ಸಾಲು ಆಗಿರಲಿಲ್ಲ.

"ಮುಚ್ಚ ಅದನ್ನ," ಅಂದಳು ಬೀರವ್ವ.

ಮುಚ್ಚಿದ.

"ಅವತ್ತ ಯಂತ್ರ ಸುಳ್ಳ ಹೇಳಂಗಿಲ್ಲ ಅಂದಿ. ಇವತ್ತ ಅದ ಯಂತ್ರ ಹೇಳಿದ್ದು ಸುಳ್ಳು ಅಂತಿ. ನಿನ್ನ ಡಬ್ಬಿಯೊಳಗ ನನ್ನ ದನಿ ಏರಸಾಕೂ ಬರತೈತಿ, ಇಳಸಾಕೂ ಬರತೈತಿ. ನಾ ಯಾವುದ ನಂಬ್ಲಿ?"

ನಾನು ಚೀಲದಿಂದ ಹಾರ್ಮೋನಿಯಂ ತೆಗೆದು ಅವಳ ಮುಂದಿಟ್ಟೆ. "ಇದಕ ಕರೆಂಟಿಲ್ಲ ಯವ್ವಾ. ಇದನ್ನ ನಂಬು," ಎಂದು ಕರಿ ನಾಲ್ಕು ಒತ್ತಿ ಹಿಡಿದೆ. ಗಾಳಿ ಹಾಕುತ್ತಲೇ ಇದ್ದೆ. ಬೀರವ್ವ ಮೊದಲು ಮುಖ ತಿರುಗಿಸಿದಳು. ಶೀತಲ್ ಅಜ್ಜಿಯ ಮೊಣಕಾಲು ಹಿಡಿದುಕೊಂಡಳು. ಆಮೇಲೆ, ಹಾಡಬೇಕೆಂದಲ್ಲ, ಸಿಟ್ಟಿಗೆ, ನಮ್ಮಿಬ್ಬರನ್ನೂ ಬೈಯುವ ಹಾಗೆ ಬಾಯಿ ತೆರೆದಳು. ಎಂಟೊಂಬತ್ತು ತಿಂಗಳ ತುಕ್ಕು ಮೊದಲ ಸಾಲಿನಲ್ಲಿ ಕೆರೆಯಿತು. ಎರಡನೆಯ ಸಾಲಿಗೆ ದನಿ ಹೋಗಿ ರೀಡಿನ ಮೇಲೆ ಕೂತಿತು. ಪೆಟ್ಟಿಗೆಯದು ಯಾವುದು, ಅವಳದು ಯಾವುದು ಎಂದು ನನಗೆ ಬೇರೆ ಮಾಡಲಾಗಲಿಲ್ಲ. ಹೆಂಗಸರು ಬೀಜ ಬಿಟ್ಟು ಎದ್ದು ನಿಂತರು.

ಹಾಡು ನಿಂತಿತು. ಬೀರವ್ವ ಕಣ್ಣು ಒರೆಸಲಿಲ್ಲ. "ಊರೆಲ್ಲಾ ನನ್ನ ಗಂಟಲ ಹೋಗೈತಿ ಅಂತೈತಿ," ಅಂದಳು. "ಗುಡಿಯೊಳಗ ಮೈಕ ಐತಿ. ನಡಿ. ಊರ ಮುಂದ ಹೇಳು."

ಮೌನೇಶ ನನ್ನ ಕಡೆ ನೋಡಿದ. ಮೂವತ್ತು ವರ್ಷ ಮೈಕಿನ ಹಿಂದೆ ಕೂತ ಮನುಷ್ಯ ಒಮ್ಮೆಯೂ ಮೈಕಿನ ಮುಂದೆ ನಿಂತವನಲ್ಲ. ಬೀರದೇವರ ಗುಡಿಯಲ್ಲಿ ಪೂಜಾರಿ ಮೈಕು ಚಾಲೂ ಮಾಡಿ ಕೊಟ್ಟ. ಬೀರವ್ವ ಕಟ್ಟೆಯ ಕೆಳಗೆ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೌನೇಶ ಗಂಟಲು ಸರಿಮಾಡಿಕೊಂಡು, ಬೀರವ್ವನ ಹಾಡಿನಾಗ ತಾಂತ್ರಿಕ ದೋಷ ಆಗಿತ್ತು ಅಂದ.

"ಇನ್ನೊಮ್ಮಿ," ಅಂದಳು ಕೆಳಗಿನಿಂದ.

"ಯಂತ್ರದ ತಪ್ಪಿಂದ ಬೀರವ್ವನ ದನಿ..."

"ಇನ್ನೊಮ್ಮಿ."

ನಾನು ಗೋಡೆ ಹಿಡಿದು ನಿಂತಿದ್ದೆ. ಯಾರೂ ನಗಲಿಲ್ಲ. ಮೌನೇಶ ಎರಡೂ ಕೈಯಿಂದ ಮೈಕು ಹಿಡಿದುಕೊಂಡ. "ತಪ್ಪು ನಂದು," ಅಂದ. ಗುಡಿಯ ಮೇಲಿನ ಸ್ಪೀಕರಿನ ಕೊಂಬಿನಿಂದ ಹೊರಟ ಮಾತು ಕೆರೆಯ ಕಡೆ ಹೋಯಿತು. "ಯಂತ್ರದ್ದಲ್ಲ, ನಂದು. ಬೀರವ್ವನ ದನಿಗಿ ಏನೂ ಆಗಿಲ್ಲ. ಆಕಿ ಹೇಳಿದ್ಲು, ನಾ ಕೇಳಲಿಲ್ಲ." ಮೈಕು ಕೆಳಗಿಟ್ಟು ಮೆಟ್ಟಿಲಿಳಿದು ಬಂದು ಅವಳ ಮುಂದೆ ನಿಂತ. "ಇನ್ನೊಮ್ಮಿ ಹೇಳ್ಲೇನಬೇ ಯವ್ವಾ?"

ಬೀರವ್ವ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಶೀತಲ್‌ಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಂದೇನೋ, ಹತ್ತ ಸಲ ಹೇಳಬಹುದು. ಇಕಿ ಸುರಗಿಗಿ ಇನ್ನೊಮ್ಮಿ ಇಲ್ಲೋ, ಮೌನೇಶ."